ಒಂಟಿ ಹುಡುಗ ರಿಂಗಿಗೆ ಇಳಿದಾಗ: ಬಾಕ್ಸಿಂಗ್ ಕಲಿಯುವ ಬಾಲಕನ ಕಾದಂಬರಿ ಬರೆಯುವವರಿಗೆ

ಒಂಟಿ ಹುಡುಗನೊಬ್ಬ ಬಾಕ್ಸಿಂಗ್ ಕಲಿಯುತ್ತಾನೆ ಎಂಬ ಒಂದು ಸಾಲಿನ ಕಥೆ ಕೇಳಿದ ಕೂಡಲೇ ಮುಂದಿನ ಘಟನೆಗಳೆಲ್ಲ ತಾವಾಗಿಯೇ ಸಾಲುಗಟ್ಟಿ ನಿಲ್ಲುತ್ತವೆ. ಶಾಲೆಯಲ್ಲಿ ಅವನನ್ನು ಕಾಡುವ ಗುಂಪೊಂದಿರುತ್ತದೆ, ಮೇಲೆ ಮುಂಗೋಪಿಯಾಗಿ ಒಳಗೆ ಮೃದುವಾಗಿರುವ ಕೋಚ್ ಒಬ್ಬ ಸಿಗುತ್ತಾನೆ, ಹುಡುಗ ಬೆವರು ಸುರಿಸುತ್ತಾನೆ, ಕೊನೆಯ ರೌಂಡಿನಲ್ಲಿ ಎದುರಾಳಿ ನೆಲಕ್ಕುರುಳುತ್ತಾನೆ. ಇದನ್ನು ಹೀಗೆಯೇ ಬರೆದುಕೊಂಡು ಹೋದರೆ ಪುಸ್ತಕವೇನೋ ಮುಗಿಯುತ್ತದೆ, ಆದರೆ ಆ ಹುಡುಗನ ಒಂಟಿತನ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಇಂಥ ಕಾದಂಬರಿ ಬರೆಯಹೊರಟವರು ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕಾದ ಮಾತೊಂದಿದೆ: ಬಾಕ್ಸಿಂಗ್ ಆ ಹುಡುಗನಿಗೆ ಕೊಡುವ ಎಲ್ಲಕ್ಕಿಂತ ದೊಡ್ಡ ವಸ್ತು ಗಮನ. ಅವನ ಪಾದ ಎಲ್ಲಿದೆ, ಉಸಿರು ಹೇಗಿದೆ, ಗದ್ದ ಎಷ್ಟು ಮೇಲೆದ್ದಿದೆ ಎಂಬುದನ್ನು ಯಾರೋ ಒಬ್ಬರು ಅವನ ಬದುಕಿನಲ್ಲಿ ಮೊದಲ ಬಾರಿಗೆ ಕಣ್ಣಿಟ್ಟು ನೋಡುತ್ತಾರೆ. ಅವನೂ ಇನ್ನೊಬ್ಬನನ್ನು ಅಷ್ಟೇ ಏಕಾಗ್ರತೆಯಿಂದ ನೋಡುವುದನ್ನು ಕಲಿಯಬೇಕಾಗುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಈ ಮಾತಿನಿಂದಲೇ ಹುಟ್ಟಿವೆ.

ಮೊದಲ ಹೆಜ್ಜೆ: ಒಂಟಿತನ ಯಾವ ಬಗೆಯದೆಂದು ಗೊತ್ತುಮಾಡಿಕೊಳ್ಳಿ

ಆರಂಭದಲ್ಲಿ ಬಾಕ್ಸಿಂಗನ್ನು ಪೂರ್ತಿ ಬದಿಗಿಡಿ. ಹೊಸ ಜಾಗಕ್ಕೆ ಬಂದು ಅಲ್ಲಿನ ಭಾಷೆಯಲ್ಲಿ ತೊದಲುವ ಹುಡುಗನ ಒಂಟಿತನ, ತಾಯಿಯನ್ನು ಕಳೆದುಕೊಂಡ ಮೇಲೆ ಮಾತೇ ನಿಂತುಹೋದ ಮನೆಯಲ್ಲಿ ಬೆಳೆಯುವವನ ಒಂಟಿತನ, ಗೆಳೆಯರ ಗುಂಪಿನ ಅಂಚಿನಲ್ಲಿ ನಗುತ್ತಲೇ ನಿಂತಿದ್ದರೂ ಯಾರಿಂದಲೂ ಹೆಸರು ಹಿಡಿದು ಕರೆಸಿಕೊಳ್ಳದವನ ಒಂಟಿತನ, ಇವೆಲ್ಲ ಬೇರೆ ಬೇರೆ. ಬಾಕ್ಸಿಂಗ್ ಇವುಗಳನ್ನು ಮುಟ್ಟುವ ರೀತಿಯೂ ಬೇರೆ ಬೇರೆ. ನಿಮ್ಮ ಹುಡುಗನದು ಯಾವುದು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಆಮೇಲೆ ಅವನ ಸಾಧಾರಣ ದಿನವೊಂದನ್ನು, ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ, ನಾಲ್ಕೈದು ಪುಟಗಳಲ್ಲಿ ಬರೆಯಿರಿ. ಆ ಪುಟಗಳಲ್ಲಿ ಒಂಟಿ, ದುಃಖ, ಬೇಸರ ಎಂಬ ಪದಗಳು ಒಮ್ಮೆಯೂ ಬರಬಾರದು. ಮಧ್ಯಾಹ್ನದ ಊಟಕ್ಕೆ ಅವನು ಎಲ್ಲಿ ಕೂರುತ್ತಾನೆ, ಯಾರೂ ಕೇಳಿಸಿಕೊಳ್ಳದಾಗ ತನ್ನಷ್ಟಕ್ಕೆ ಏನು ಹೇಳಿಕೊಳ್ಳುತ್ತಾನೆ, ಮನೆ ತಲುಪುವುದನ್ನು ತಡಮಾಡಲು ಯಾವ ಸುತ್ತುದಾರಿ ಹಿಡಿಯುತ್ತಾನೆ ಎಂಬ ವಿವರಗಳೇ ಆ ಪದಗಳ ಕೆಲಸವನ್ನು ಮಾಡಬೇಕು.

ಇಂಥ ವಿವರಕ್ಕೆ ಎಷ್ಟು ಬಲವಿದೆ ಎಂಬುದನ್ನು ತಿಳಿಯಲು ಅಮೆರಿಕದ ಬಾಕ್ಸರ್ ಫ್ಲಾಯ್ಡ್ ಪ್ಯಾಟರ್ಸನ್ ಅವರ ಬಾಲ್ಯವನ್ನು ನೋಡಬಹುದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೆಳೆದ ಅವರು ಶಾಲೆ ತಪ್ಪಿಸಿಕೊಂಡು, ಸುರಂಗ ರೈಲಿನ ನಿಲ್ದಾಣದಲ್ಲಿ ಕೆಲಸಗಾರರು ಸಲಕರಣೆಗಳನ್ನು ಇಡುತ್ತಿದ್ದ ಪುಟ್ಟ ಕೋಣೆಯೊಂದರಲ್ಲಿ ಅಡಗಿ ಕೂರುತ್ತಿದ್ದರು. ತೊಂದರೆಗೆ ಸಿಲುಕಿದ ಹುಡುಗರಿಗಾಗಿ ಇದ್ದ ವಿಲ್ಟ್‌ವಿಕ್ ಶಾಲೆಗೆ ಅವರನ್ನು ಕಳುಹಿಸಲಾಯಿತು, ಬಾಕ್ಸಿಂಗ್ ಅವರ ಬದುಕನ್ನು ಪ್ರವೇಶಿಸಿತು, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 17ನೆಯ ವಯಸ್ಸಿಗೇ ಮಿಡಲ್‌ವೇಟ್ ಚಿನ್ನ ಬಂತು, 1956ರಲ್ಲಿ 21ನೆಯ ವಯಸ್ಸಿಗೆ ವಿಶ್ವ ಹೆವಿವೇಟ್ ಪಟ್ಟವೂ ಬಂತು. ಆದರೂ ಓದಿದವರ ಮನಸ್ಸಿನಲ್ಲಿ ಪದಕಗಳಿಗಿಂತ ಹೆಚ್ಚು ಕಾಲ ನಿಲ್ಲುವುದು ಆ ಕೋಣೆಯೇ. ನಿಮ್ಮ ಹುಡುಗನಿಗೂ ಅಂಥದೊಂದು ಅಡಗುತಾಣವಿರಲಿ, ಮತ್ತು ಬಾಕ್ಸಿಂಗ್ ಸಿಕ್ಕಿದ ಮೇಲೆ ಅವನು ಅಲ್ಲಿಗೆ ಹೋಗುವುದನ್ನು ಯಾವಾಗ ನಿಲ್ಲಿಸಿದ, ಅಥವಾ ಸೋತ ದಿನ ಮತ್ತೆ ಅಲ್ಲಿಗೇ ಹೋದನೇ ಎಂಬುದು ನಿಮಗೆ ಗೊತ್ತಿರಲಿ.

ಎರಡನೆಯ ಹೆಜ್ಜೆ: ಬಾಗಿಲನ್ನು ಆರಿಸಿ

ಹುಡುಗ ಬಾಕ್ಸಿಂಗ್ ಕೋಣೆಗೆ ಬರುವ ಕಾರಣ ಚಿಕ್ಕದಾಗಿರಬಹುದು, ಆಕಸ್ಮಿಕವೂ ಆಗಿರಬಹುದು. ಮಳೆಗೆ ನಿಲ್ಲಲು ಬಂದವನು, ತಂಗಿಯನ್ನು ಪಕ್ಕದ ಕಟ್ಟಡಕ್ಕೆ ಬಿಟ್ಟು ಕಾಯುತ್ತ ಕಿಟಕಿಯಲ್ಲಿ ಇಣುಕಿದವನು, ಹಗ್ಗ ನೆಲಕ್ಕೆ ಬಡಿಯುವ ಸದ್ದು ಕೇಳಿ ನಿಂತವನು, ಯಾರಾದರೂ ಸರಿ. ಸೇಡಿಗಾಗಿ ಬರುವ ಹುಡುಗನನ್ನು ನೀವು ಆರಿಸಿಕೊಂಡರೆ ಆ ಸೇಡು ದಾರಿಯಲ್ಲೇ ಕರಗುವಂತೆ ನೋಡಿಕೊಳ್ಳಿ. 1954ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ 12 ವರ್ಷದ ಕ್ಯಾಷಿಯಸ್ ಕ್ಲೇ ಎಂಬ ಹುಡುಗನ ಸೈಕಲ್ ಕಳುವಾಯಿತು. ಕದ್ದವನನ್ನು ಹೊಡೆಯುತ್ತೇನೆ ಎಂದು ಕೂಗಾಡಿದ ಅವನಿಗೆ ಜೋ ಮಾರ್ಟಿನ್ ಎಂಬ ಪೊಲೀಸ್ ಅಧಿಕಾರಿ ಮೊದಲು ಹೊಡೆದಾಡುವುದನ್ನು ಕಲಿ ಎಂದು ಹೇಳಿ ತಾನು ನಡೆಸುತ್ತಿದ್ದ ಬಾಕ್ಸಿಂಗ್ ತರಗತಿಗೆ ಕರೆದರು. ಮುಂದೆ ಮುಹಮ್ಮದ್ ಅಲಿಯಾದ ಆ ಹುಡುಗನ ಕಥೆಯಲ್ಲಿ ಸೈಕಲ್ ಕಳ್ಳನಿಗೆ ಮತ್ತೆ ಸ್ಥಾನವೇ ಇಲ್ಲ. ಸಿಟ್ಟು ಅವನನ್ನು ಬಾಗಿಲವರೆಗೆ ತಂದಿತು, ಒಳಗೆ ಉಳಿಸಿಕೊಂಡದ್ದು ಬೇರೆ ಏನೋ. ಆ ಬೇರೆ ಏನು ಎಂಬುದನ್ನು ಹುಡುಕುವುದೇ ನಿಮ್ಮ ಕಾದಂಬರಿಯ ಕೆಲಸ.

ಬಾಗಿಲು ಬಹಳ ಬೇಗ ತೆರೆಯುವುದು ಬೇಡ. ಓದುಗರು ಹುಡುಗನೊಂದಿಗೆ ಅವನ ಮೌನದಲ್ಲಿ ಸ್ವಲ್ಪ ಕಾಲ ಬದುಕಿರದಿದ್ದರೆ, ಅವನ ಕೈಯನ್ನು ಮೊದಲ ಬಾರಿಗೆ ಒಬ್ಬರು ಹಿಡಿದುಕೊಂಡಾಗ ಅದರ ತೂಕ ಅವರಿಗೆ ತಿಳಿಯುವುದಿಲ್ಲ. ಕಾದಂಬರಿಯ ಐದನೆಯ ಒಂದು ಭಾಗ ಕಳೆಯುವವರೆಗೆ ಗ್ಲೌಸ್ ಕಾಣಿಸದಿದ್ದರೂ ನಷ್ಟವಿಲ್ಲ.

ಮೂರನೆಯ ಹೆಜ್ಜೆ: ಬಾಕ್ಸಿಂಗನ್ನು ಮೈಯಿಂದ ತಿಳಿದುಕೊಳ್ಳಿ

ಸಾಧ್ಯವಾದರೆ ಕೆಲವು ವಾರ ಒಂದು ಬಾಕ್ಸಿಂಗ್ ಕೋಣೆಗೆ ಹೋಗಿ ಹೊಸಬರ ಪಾಠಗಳನ್ನು ನೀವೇ ಕಲಿಯಿರಿ. ಆಗದಿದ್ದರೆ ಗೋಡೆಗೆ ಒರಗಿ ಕೂತು ನೋಡಲು ಅನುಮತಿ ಕೇಳಿ. ದೊಡ್ಡ ಪಂದ್ಯಗಳ ವಿಡಿಯೊಗಳು ಈ ಕೆಲಸಕ್ಕೆ ಸಾಲುವುದಿಲ್ಲ, ಏಕೆಂದರೆ ಅಲ್ಲಿ ಕಾಣುವುದು ಕಲಿತು ಮುಗಿಸಿದ ಮೈಗಳು, ನಿಮಗೆ ಬೇಕಾದದ್ದು ಕಲಿಯುತ್ತಿರುವ ಮೈ. ಹೊಸ ಹುಡುಗ ಹೊಡೆಯುವಾಗ ಉಸಿರು ಬಿಗಿಹಿಡಿಯುತ್ತಾನೆ, ಪಕ್ಕಕ್ಕೆ ಸರಿಯುವಾಗ ಕಾಲಿಗೆ ಕಾಲು ಅಡ್ಡ ಹಾಕಿಕೊಳ್ಳುತ್ತಾನೆ, ಮುಂಚಾಚಿದ ಕೈಯನ್ನು ಮುಖದ ಮುಂದಕ್ಕೆ ಹಿಂತಿರುಗಿಸುವುದನ್ನು ಮರೆಯುತ್ತಾನೆ, ಪಂಚ್ ಬರುತ್ತಿದ್ದಂತೆ ಕಣ್ಣು ಮುಚ್ಚಿ ಮುಖ ತಿರುಗಿಸುತ್ತಾನೆ. ಮೊದಲ ವಾರಗಳು ಹೆಚ್ಚಾಗಿ ನಿಲುವಿನಲ್ಲಿ, ನಡೆಯಲ್ಲಿ ಮತ್ತು ಜ್ಯಾಬ್ ಎಂಬ ಒಂದೇ ಒಂದು ನೇರ ಹೊಡೆತದಲ್ಲಿ ಕಳೆಯುತ್ತವೆ. ಹೊಡೆತದ ಬಲ ತೋಳಿನಲ್ಲಿ ಹುಟ್ಟುವುದಿಲ್ಲ. ಹಿಂಗಾಲಿನ ಹಿಮ್ಮಡಿ ತಿರುಗಿ, ಸೊಂಟ ಹಿಂಬಾಲಿಸಿ, ಹೆಗಲು ಅದನ್ನು ಪಡೆದುಕೊಂಡು ಮುಷ್ಟಿಗೆ ದಾಟಿಸುತ್ತದೆ. ತನ್ನ ಮೈಯೆಂದರೆ ನಾಚಿಕೆ ಪಡುತ್ತಿದ್ದ ಹುಡುಗನಿಗೆ ಇದೊಂದು ಸರಿಯಾಗಿ ಒದಗಿದ ಕ್ಷಣ, ಅಂದರೆ ಪಾದದಿಂದ ಬೆರಳಿನವರೆಗೆ ತಾನು ಒಂದೇ ಎಂದು ಗೊತ್ತಾದ ಕ್ಷಣ, ಒಂದು ಇಡೀ ಅಧ್ಯಾಯಕ್ಕೆ ಯೋಗ್ಯವಾದದ್ದು.

ಕೈಗೆ ಪಟ್ಟಿ ಸುತ್ತುವುದನ್ನು ತಪ್ಪದೆ ಬರೆಯಿರಿ. ಗ್ಲೌಸ್ ಹಾಕುವ ಮೊದಲು ಮಣಿಕಟ್ಟಿಗೆ, ಗೆಣ್ಣುಗಳಿಗೆ, ಹೆಬ್ಬೆರಳಿಗೆ ಬಟ್ಟೆಯ ಪಟ್ಟಿಯನ್ನು ಸುತ್ತುತ್ತಾರೆ. ದೊಡ್ಡವರ ಪಟ್ಟಿ ಸಾಮಾನ್ಯವಾಗಿ 4.5 ಮೀಟರ್ ಉದ್ದವಿರುತ್ತದೆ, ಚಿಕ್ಕ ಕೈಗಳಿಗೆ ಅದಕ್ಕಿಂತ ಗಿಡ್ಡದು ಸಾಕು. ಹಸ್ತದ ಸಣ್ಣ ಮೂಳೆಗಳು, ಅದರಲ್ಲೂ ಕಿರುಬೆರಳಿನ ಕಡೆಯವು, ತಪ್ಪಾಗಿ ಬಿದ್ದ ಹೊಡೆತಕ್ಕೆ ಸುಲಭವಾಗಿ ಮುರಿಯುವುದರಿಂದ ಇದು ಅಗತ್ಯ. ಹೊಸಬನಿಗೆ ತಾನೇ ಸುತ್ತಿಕೊಳ್ಳಲು ಬರುವುದಿಲ್ಲ, ಆದ್ದರಿಂದ ಯಾರಾದರೂ ಅವನ ಎದುರು ಕೂತು, ಬೆರಳುಗಳನ್ನು ಅಗಲಿಸು ಎಂದು ಹೇಳಿ, ನಿಧಾನವಾಗಿ ಸುತ್ತಬೇಕು. ಮನೆಯಲ್ಲಿ ಯಾರೂ ಮುಟ್ಟದ ಹುಡುಗನಿಗೆ ಆ ಎರಡು ನಿಮಿಷ ಎಂಥದು ಎಂಬುದನ್ನು ನೀವು ವಿವರಿಸಿ ಹೇಳುವ ಅಗತ್ಯವಿಲ್ಲ. ಪಟ್ಟಿ ಎಷ್ಟು ಬಿಗಿಯಾಗಿತ್ತು, ಹಿಂದಿನವರ ಬೆವರಿನ ವಾಸನೆ ಹೇಗಿತ್ತು, ಸುತ್ತುವವರು ಮುಖ ನೋಡದೆ ಕೈಯನ್ನೇ ನೋಡುತ್ತಿದ್ದರು ಎಂಬಷ್ಟನ್ನು ಬರೆದು ನಿಲ್ಲಿಸಿ. ಕಾದಂಬರಿಯ ಕೊನೆಯ ಭಾಗದಲ್ಲಿ ಅವನೇ ಇನ್ನೊಬ್ಬ ಹೊಸ ಹುಡುಗನ ಕೈಗೆ ಪಟ್ಟಿ ಸುತ್ತಬೇಕೆನ್ನುವ ಆಸೆ ನಿಮಗೆ ಖಂಡಿತ ಬರುತ್ತದೆ. ಆ ಆಸೆ ಬಹಳ ಲೇಖಕರಿಗೆ ಬರುವಂಥದು, ಆದ್ದರಿಂದ ಅದನ್ನು ಬಿಟ್ಟುಬಿಡಿ.

ಕೋಣೆಯ ಗಡಿಯಾರವೂ ಗೊತ್ತಿರಬೇಕು. 3 ನಿಮಿಷದ ಕೆಲಸ ಮತ್ತು 1 ನಿಮಿಷದ ವಿರಾಮ ಎಂಬ ಲೆಕ್ಕ ಬಾಕ್ಸಿಂಗಿಗೆಂದು ರೂಪಿಸಿದ 1867ರ ಕ್ವೀನ್ಸ್‌ಬೆರಿ ನಿಯಮಗಳಿಂದ ಬಂದದ್ದು. ಗ್ಲೌಸ್ ಧರಿಸಬೇಕು, ಬಿದ್ದವನಿಗೆ ಏಳಲು 10 ಸೆಕೆಂಡು ಕೊಡಬೇಕು ಎಂಬುದೂ ಅಲ್ಲಿಯದೇ. ಸ್ಕಿಪ್ಪಿಂಗ್ ಇರಲಿ, ಕನ್ನಡಿಯ ಮುಂದಿನ ಶ್ಯಾಡೋ ಬಾಕ್ಸಿಂಗ್ ಇರಲಿ, ಪಂಚಿಂಗ್ ಬ್ಯಾಗಿರಲಿ, ಎಲ್ಲವೂ ಈ ಗಂಟೆಯ ಸದ್ದಿಗೆ ಶುರುವಾಗಿ ಈ ಸದ್ದಿಗೇ ನಿಲ್ಲುತ್ತವೆ. ದಿನದ ಹೊತ್ತು ಹೇಗೆ ಕಳೆಯಬೇಕೆಂದು ತಿಳಿಯದೆ ಅಲೆಯುತ್ತಿದ್ದ ಹುಡುಗನಿಗೆ ಹೊತ್ತನ್ನು ಯಾರೋ ಕತ್ತರಿಸಿ ಕೈಗಿಡುವುದೇ ಒಂದು ನೆಮ್ಮದಿ.

ನಾಲ್ಕನೆಯ ಹೆಜ್ಜೆ: ಕೋಚ್ ಮತ್ತು ಜೊತೆಗಾರ

ಕೋಚ್ ಪಾತ್ರದಲ್ಲಿ ಈ ಬಗೆಯ ಕಾದಂಬರಿಗಳು ಹೆಚ್ಚಾಗಿ ಎಡವುತ್ತವೆ. ಅವರ ಬಾಯಿಂದ ಬದುಕಿನ ಬಗ್ಗೆ ನೀತಿವಾಕ್ಯಗಳನ್ನು ಆಡಿಸಬೇಡಿ. ನಿಜವಾದ ಕೋಚ್‌ಗಳು ಆಡುವ ಮಾತು ಚಿಕ್ಕದು, ಪುನರುಕ್ತಿಯದು: ಕೈ ಮೇಲೆ, ಗದ್ದ ಕೆಳಗೆ, ಮತ್ತೊಮ್ಮೆ. ಪ್ರೀತಿ ಇದ್ದರೆ ಅದು ಆ ಮತ್ತೊಮ್ಮೆಯಲ್ಲಿಯೇ ಇರುತ್ತದೆ. ಈ ಪಾತ್ರಕ್ಕೆ ತನ್ನದೇ ಆದ ಬೇಕುಗಳೂ ಇರಬೇಕು. ಪ್ಯಾಟರ್ಸನ್‌ಗೂ ಮುಂದೆ ಮೈಕ್ ಟೈಸನ್‌ಗೂ ಕಲಿಸಿದ ಕಸ್ ಡಮಾಟೊ, ಹದಿಹರೆಯದ ಟೈಸನ್‌ನನ್ನು ಕ್ಯಾಟ್ಸ್‌ಕಿಲ್‌ನ ತಮ್ಮ ಮನೆಯಲ್ಲಿ ಇರಿಸಿಕೊಂಡು ಕಾನೂನುಬದ್ಧ ಪೋಷಕರೂ ಆದರು. 1985ರ ನವೆಂಬರಿನಲ್ಲಿ ಅವರು ತೀರಿಕೊಂಡರು, 1986ರ ನವೆಂಬರಿನಲ್ಲಿ 20 ವರ್ಷದ ಟೈಸನ್ ಅತ್ಯಂತ ಕಿರಿಯ ವಿಶ್ವ ಹೆವಿವೇಟ್ ಚಾಂಪಿಯನ್ ಆದರು. ಅನಾಥನಂತಿದ್ದ ಹುಡುಗನಿಗೆ ಮನೆ ಕೊಟ್ಟವರಿಗೆ ಒಬ್ಬ ಚಾಂಪಿಯನ್ನನ್ನು ರೂಪಿಸುವ ಹಂಬಲವೂ ಇತ್ತು. ಇವೆರಡನ್ನೂ ಒಂದರಿಂದ ಒಂದನ್ನು ಬಿಡಿಸಿ ನೋಡುವುದು ಸುಲಭವಲ್ಲ. ನಿಮ್ಮ ಕಾದಂಬರಿಯ ಕೋಚ್ ಹುಡುಗನನ್ನು ನೋಡಿದಾಗ ಏನನ್ನು ಕಾಣುತ್ತಾರೆ, ಹುಡುಗ ನಾಳೆ ಬಾಕ್ಸಿಂಗ್ ಬಿಟ್ಟರೆ ಅವರು ಅವನಿಗೆ ಏನಾಗಿ ಉಳಿಯುತ್ತಾರೆ ಎಂಬ ಪ್ರಶ್ನೆಯನ್ನು ಕಾದಂಬರಿ ಒಂದಲ್ಲ ಒಂದು ಕಡೆ ಎದುರಿಸಲೇಬೇಕು. ಒಂಟಿ ಮಕ್ಕಳು ತಮ್ಮನ್ನು ಗಮನಿಸಿದ ಮೊದಲ ಹಿರಿಯರಿಗೆ ತಮ್ಮನ್ನು ಪೂರ್ತಿಯಾಗಿ ಒಪ್ಪಿಸಿಬಿಡುತ್ತಾರೆ. ಇದರಲ್ಲಿ ಅಪಾಯವಿದೆ ಎಂಬುದನ್ನು ಲೇಖಕರು ಮುಚ್ಚಿಡಬಾರದು.

ಕೋಚ್‌ಗಿಂತಲೂ ಮುಖ್ಯವಾದವನು, ನನ್ನ ಅಭಿಪ್ರಾಯದಲ್ಲಿ, ಸ್ಪಾರಿಂಗ್ ಜೊತೆಗಾರ. ಸ್ಪಾರಿಂಗ್ ಎಂಬುದು ಗೆಲುವು ಸೋಲಿನ ಲೆಕ್ಕವಿಲ್ಲದ ಅಭ್ಯಾಸದ ಕಾದಾಟ. ದೊಡ್ಡ ಗ್ಲೌಸ್, ತಲೆಕಾಪು, ಹಲ್ಲುಕಾಪು ಧರಿಸಿ ಇಬ್ಬರು ಪರಸ್ಪರ ಕಲಿಸುತ್ತ ಹೊಡೆದಾಡುತ್ತಾರೆ. ಎದುರಿನವನ ಹೆಗಲು ಚೂರು ಅಲುಗಿದರೆ ಯಾವ ಕೈ ಬರುತ್ತದೆ, ಅವನು ದಣಿದಾಗ ಬಲಗೈ ಎಷ್ಟು ಇಳಿಯುತ್ತದೆ, ಹೆದರಿದಾಗ ಯಾವ ಕಡೆಗೆ ಸರಿಯುತ್ತಾನೆ ಎಂಬುದೆಲ್ಲ ಕೆಲವೇ ವಾರಗಳಲ್ಲಿ ತಿಳಿದುಬಿಡುತ್ತದೆ. ಹೀಗೆ ಯಾವ ಗೆಳೆಯನೂ ಇಲ್ಲದ ಹುಡುಗ, ಒಂದು ಮಾತನ್ನೂ ಆಡದೆ, ಇನ್ನೊಬ್ಬನ ಬಗ್ಗೆ ಅವನ ಮನೆಯವರಿಗೂ ಗೊತ್ತಿಲ್ಲದಷ್ಟನ್ನು ತಿಳಿದುಕೊಳ್ಳುತ್ತಾನೆ. ಇನ್ನೊಬ್ಬನಿಗೂ ಇವನು ಅಷ್ಟೇ ತಿಳಿಯುತ್ತಾನೆ. ಈ ಗೆಳೆತನ ಹೊರಗೆ ಮಾತಿಗೆ ಬರುವುದು ಎಷ್ಟು ತಡವಾದರೆ ಅಷ್ಟು ಚೆನ್ನ. ಜೊತೆಗಾರ್ತಿ ಒಬ್ಬ ಹುಡುಗಿಯೂ ಆಗಿರಬಹುದು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಬಾಕ್ಸಿಂಗ್ ಆರಂಭವಾದದ್ದು 2012ರಲ್ಲಿ, ಆದ್ದರಿಂದ ಕಥೆ ಅದಕ್ಕಿಂತ ಹಿಂದಿನ ಕಾಲದ್ದಾದರೆ ಅವಳ ಕನಸಿಗೆ ಇದ್ದ ಮಿತಿ ಹುಡುಗನದಕ್ಕಿಂತ ಬೇರೆ ಎಂಬುದು ನೆನಪಿರಲಿ.

ಮೂಗಿಗೆ ಮೊದಲ ಪೆಟ್ಟು ಬೀಳುವ ದೃಶ್ಯವನ್ನು ಅವಸರದಲ್ಲಿ ದಾಟಬೇಡಿ. ಮೂಗಿಗೆ ಹೊಡೆತ ಬಿದ್ದರೆ ಕಣ್ಣಲ್ಲಿ ನೀರು ತಾನಾಗಿ ತುಂಬುತ್ತದೆ. ನೋವು ತಡೆದುಕೊಳ್ಳುವ ಶಕ್ತಿಗೂ ಅದಕ್ಕೂ ಸಂಬಂಧವಿಲ್ಲ, ಅದು ದೇಹದ ಸಹಜ ಪ್ರತಿಕ್ರಿಯೆ. ಅಳುವವನೆಂದು ಹೀಯಾಳಿಸಿಕೊಂಡು ಬೆಳೆದ ಹುಡುಗನ ಕೆನ್ನೆಯ ಮೇಲೆ ಎಲ್ಲರೆದುರು ನೀರು ಇಳಿಯುತ್ತದೆ, ಅವನು ನಗೆಗಾಗಿ ಕಾಯುತ್ತಾನೆ, ಕೋಣೆಯಲ್ಲಿ ಯಾರೂ ನಗುವುದಿಲ್ಲ, ಏಕೆಂದರೆ ಅಲ್ಲಿರುವ ಪ್ರತಿಯೊಬ್ಬರಿಗೂ ಅದು ಆಗಿದೆ. ಇಡೀ ಕಾದಂಬರಿಯಲ್ಲಿ ಹುಡುಗ ಒಂಟಿತನದಿಂದ ಹೊರಗೆ ಕಾಲಿಡುವ ಜಾಗ ಯಾವುದೆಂದು ಕೇಳಿದರೆ, ಯಾವ ಪದಕದ ವೇದಿಕೆಗಿಂತಲೂ ಮೊದಲು ನಾನು ಇದನ್ನು ತೋರಿಸುತ್ತೇನೆ.

ಮನೆಯವರನ್ನೂ ಮರೆಯುವಂತಿಲ್ಲ. ಅವರಿಗೆ ವಿರೋಧದ ಪಾತ್ರವನ್ನಷ್ಟೇ ಕೊಟ್ಟರೆ ಕಥೆ ಬಡವಾಗುತ್ತದೆ. ಮಗನ ಕಣ್ಣ ಕೆಳಗಿನ ಕಪ್ಪು ಕಂಡು ಹೆದರುವ ತಾಯಿಯ ಹೆದರಿಕೆಗೆ ಪೂರ್ತಿ ಕಾರಣವಿದೆ.

ಐದನೆಯ ಹೆಜ್ಜೆ: ಪಂದ್ಯ

ನಿಯಮಗಳನ್ನು ಸರಿಯಾಗಿ ತಿಳಿದುಕೊಂಡರೆ ಪಂದ್ಯದ ನಾಟಕ ಅರ್ಧ ತಾನಾಗಿ ಬರುತ್ತದೆ. ಹವ್ಯಾಸಿ ಬಾಕ್ಸಿಂಗಿನಲ್ಲಿ ಮಕ್ಕಳನ್ನು ವಯಸ್ಸು ಮತ್ತು ತೂಕ ನೋಡಿ ಜೋಡಿ ಮಾಡುತ್ತಾರೆ, ಪಂದ್ಯಕ್ಕೆ ಮೊದಲು ತೂಕ ಮತ್ತು ವೈದ್ಯಕೀಯ ತಪಾಸಣೆ ಇರುತ್ತದೆ, ಒಬ್ಬ ಕೆಂಪು ಮೂಲೆಯವನು, ಇನ್ನೊಬ್ಬ ನೀಲಿ ಮೂಲೆಯವನು. 15–16 ವಯಸ್ಸಿನ ಜೂನಿಯರ್ ಹುಡುಗರಿಗೆ ಅಂತರರಾಷ್ಟ್ರೀಯ ನಿಯಮದಂತೆ 2 ನಿಮಿಷಗಳ 3 ರೌಂಡುಗಳು, ನಡುವೆ 1 ನಿಮಿಷದ ವಿರಾಮ. ಅಂದರೆ ಇಡೀ ಕಾದಾಟ 6 ನಿಮಿಷ. ಕಾಲವನ್ನೂ ಗಮನಿಸಿ. 1984ರ ಒಲಿಂಪಿಕ್ಸ್‌ನಿಂದ ತಲೆಕಾಪು ಕಡ್ಡಾಯವಾಗಿತ್ತು, 2016ರಲ್ಲಿ ಪುರುಷರು ಅದಿಲ್ಲದೆ ಕಾದಾಡಿದರು, ಹದಿಹರೆಯದವರಿಗೆ ಅದು ಉಳಿದುಕೊಂಡಿದೆ. ರೌಂಡು ಗೆದ್ದವನಿಗೆ 10, ಸೋತವನಿಗೆ 9 ಅಥವಾ ಅದಕ್ಕಿಂತ ಕಡಿಮೆ ಎಂಬ ಈಗಿನ ಪದ್ಧತಿ ಹವ್ಯಾಸಿ ಬಾಕ್ಸಿಂಗಿಗೆ 2013ರಲ್ಲಿ ಬಂತು; 1992ರಿಂದ 2012ರವರೆಗಿನ ಒಲಿಂಪಿಕ್ಸ್‌ಗಳಲ್ಲಿ ತೀರ್ಪುಗಾರರು ಗುಂಡಿ ಒತ್ತಿ ಒಂದೊಂದು ಹೊಡೆತವನ್ನೂ ಎಣಿಸುತ್ತಿದ್ದರು. ನಿಮ್ಮ ಕಥೆ 2000ದ ಸುಮಾರಿನದಾಗಿದ್ದು ಅದರಲ್ಲಿ ಈಗಿನ ಅಂಕಗಳು ಬಂದರೆ, ಆಟ ಬಲ್ಲ ಓದುಗ ಅಲ್ಲಿಗೇ ನಂಬಿಕೆ ಕಳೆದುಕೊಳ್ಳುತ್ತಾನೆ.

ಈ ವಯಸ್ಸಿನ ಪಂದ್ಯಗಳು ಬಹುಪಾಲು ತೀರ್ಪುಗಾರರ ಅಂಕಗಳಿಂದಲೇ ನಿರ್ಧಾರವಾಗುತ್ತವೆ, ನೆಲಕ್ಕುರುಳಿಸುವ ಹೊಡೆತದಿಂದಲ್ಲ. ಮೊದಲ ಪಂದ್ಯದಲ್ಲಿ ಹುಡುಗ ಕಲಿತದ್ದರಲ್ಲಿ ಹೆಚ್ಚಿನದನ್ನು ಮರೆಯಲಿ. ಉದ್ವೇಗದಿಂದ ಮೊದಲ ರೌಂಡಿನಲ್ಲೇ ತೋಳುಗಳು ಭಾರವಾಗುವುದು, ಉಸಿರು ಸಾಲದಾಗುವುದು, ಜನರ ಗದ್ದಲ ಮಂಕಾಗಿ ತನ್ನ ಮೂಲೆಯ ಒಂದೇ ಧ್ವನಿ ಕೇಳಿಸುವುದು ಹೊಸಬರ ಸಾಮಾನ್ಯ ಅನುಭವ. ವಿರಾಮದ ಆ 1 ನಿಮಿಷವನ್ನು ಕಾದಾಟಕ್ಕಿಂತ ಹೆಚ್ಚು ಶ್ರದ್ಧೆಯಿಂದ ಬರೆಯಿರಿ: ಸ್ಟೂಲು, ನೀರು, ಹಲ್ಲುಕಾಪನ್ನು ತೊಳೆದು ಮತ್ತೆ ಬಾಯಿಗಿಡುವ ಕೈ. ತೀರ್ಪಿನ ಹೊತ್ತಿಗೆ ರೆಫರಿ ಇಬ್ಬರ ಮಣಿಕಟ್ಟನ್ನೂ ಹಿಡಿದು ನಡುವೆ ನಿಂತಿರುತ್ತಾರೆ, ಒಂದು ಕೈ ಮೇಲೇಳುತ್ತದೆ, ಇನ್ನೊಂದನ್ನು ಬಿಡುತ್ತಾರೆ. ಅದಾದ ಮೇಲೆ ಇಬ್ಬರೂ ಎದುರಾಳಿಯ ಮೂಲೆಗೆ ಹೋಗಿ ಅವನ ಕೋಚ್‌ನ ಕೈ ಕುಲುಕುವ ರೂಢಿಯಿದೆ. ಸೋತ ಹುಡುಗ ಆ ಕೆಲವು ಹೆಜ್ಜೆಗಳನ್ನು ಹೇಗೆ ನಡೆಯುತ್ತಾನೆ ಎಂಬುದರಲ್ಲಿ ಅವನು ಎಷ್ಟು ಬೆಳೆದಿದ್ದಾನೆ ಎಂಬುದು ಕಾಣಿಸುತ್ತದೆ.

ಅವನು ಒಮ್ಮೆಯಾದರೂ ಸೋಲಲೇಬೇಕು, ಮತ್ತು ಆ ಸೋಲಿನ ನಾಚಿಕೆಯನ್ನು ಹಗುರಾಗಿಸಬಾರದು. 1962ರಲ್ಲಿ ಸನ್ನಿ ಲಿಸ್ಟನ್ ಎದುರು ಮೊದಲ ರೌಂಡಿನಲ್ಲೇ ಸೋತ ಪ್ಯಾಟರ್ಸನ್, ಯಾರೂ ಗುರುತಿಸದಿರಲೆಂದು ಕೃತಕ ಗಡ್ಡ ಅಂಟಿಸಿಕೊಂಡು ಅಲ್ಲಿಂದ ಹೊರಟುಹೋದರು. ವಿಶ್ವ ಚಾಂಪಿಯನ್ ಆಗಿದ್ದವರೊಳಗೂ ಅಡಗಿ ಕೂರುತ್ತಿದ್ದ ಆ ಹುಡುಗ ಉಳಿದಿದ್ದ ಎಂದು ನನಗೆ ಇದನ್ನು ನೆನೆದಾಗಲೆಲ್ಲ ಅನ್ನಿಸುತ್ತದೆ. ಬಾಕ್ಸಿಂಗ್ ಒಂಟಿತನವನ್ನು ಒರೆಸಿಹಾಕುತ್ತದೆ ಎಂದು ನಂಬಿ ಬರೆಯುವವರಿಗೆ ಈ ಘಟನೆ ಗೊತ್ತಿರಬೇಕು.

ಆರನೆಯ ಹೆಜ್ಜೆ: ಅಪಾಯವನ್ನು ಪ್ರಾಮಾಣಿಕವಾಗಿ ಬರೆಯಿರಿ

ತಲೆಗೆ ಬೀಳುವ ಪೆಟ್ಟು ಮಿದುಳಿಗೆ ಹಾನಿ ಮಾಡುತ್ತದೆ, ಮತ್ತು ನಿಮ್ಮ ಓದುಗರಲ್ಲಿ ಹದಿಹರೆಯದವರು ಇರುತ್ತಾರೆ. ತಲೆಕಾಪು ಚರ್ಮ ಒಡೆಯುವುದನ್ನು ಕಡಿಮೆ ಮಾಡುತ್ತದೆ, ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ಅದು ತಡೆಯಲಾರದು. ಪೆಟ್ಟು ಬಿದ್ದು ಹುಡುಗನಿಗೆ ತಲೆನೋವು, ವಾಂತಿ, ಗೊಂದಲ, ಬೆಳಕು ಸಹಿಸಲಾಗದ ಸ್ಥಿತಿ ಬಂದರೆ ಅವನು ಆಟ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ಅದನ್ನು ಮುಚ್ಚಿಟ್ಟು ಮುಂದಿನ ಪಂದ್ಯ ಆಡುವುದನ್ನು ಶೌರ್ಯವೆಂದು ತೋರಿಸುವ ಕಾದಂಬರಿ ಓದುಗನಿಗೆ ದ್ರೋಹ ಮಾಡುತ್ತದೆ. ಅವನು ಮುಚ್ಚಿಡಬಹುದು, ಒಂಟಿ ಹುಡುಗ ಮುಚ್ಚಿಡುವ ಸಂಭವವೇ ಹೆಚ್ಚು, ಏಕೆಂದರೆ ಆ ಕೋಣೆಯನ್ನು ಕಳೆದುಕೊಳ್ಳುವ ಭಯ ತಲೆನೋವಿಗಿಂತ ದೊಡ್ಡದು. ಆಗ ಅದನ್ನು ಕಂಡುಹಿಡಿಯುವವರು ಯಾರು, ಅವರು ಏನು ಮಾಡುತ್ತಾರೆ ಎಂಬುದೇ ಕಾದಂಬರಿಯ ಅತ್ಯಂತ ಕಠಿಣ ಅಧ್ಯಾಯವಾಗಬಹುದು. ವಿಶ್ರಾಂತಿಯ ವಾರಗಳಲ್ಲೂ ಅವನನ್ನು ಕೋಣೆಗೆ ಕರೆದು, ಗಂಟೆ ಬಾರಿಸುವ ಕೆಲಸ ಕೊಡುವ ಒಬ್ಬ ಕೋಚ್ ಅಲ್ಲಿದ್ದರೆ, ಹುಡುಗ ಆಡದಿದ್ದರೂ ಅವರಿಗೆ ಬೇಕಾದವನು ಎಂಬುದು ಮಾತಿಲ್ಲದೆ ತಿಳಿಯುತ್ತದೆ.

ಏಳನೆಯ ಹೆಜ್ಜೆ: ಭಾಷೆ ಮತ್ತು ತಿದ್ದುವಿಕೆ

ಕಾದಾಟದ ದೃಶ್ಯದಲ್ಲಿ ಹೊಡೆತಗಳನ್ನು ಒಂದೊಂದಾಗಿ ವರದಿ ಮಾಡಿದರೆ ಎರಡನೆಯ ಪುಟಕ್ಕೆ ಓದುಗ ದಣಿಯುತ್ತಾನೆ. ಒಂದು ಕಾದಾಟಕ್ಕೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಇಂದು ಅವನು ಕಣ್ಣು ತೆರೆದಿಟ್ಟುಕೊಳ್ಳುತ್ತಾನೆಯೇ, ಹಿಂದಕ್ಕೆ ಸರಿಯುವುದನ್ನು ನಿಲ್ಲಿಸುತ್ತಾನೆಯೇ, ಎದುರಿನವನ ನೋವು ಕಂಡಾಗ ಕೈ ತಡೆಯುತ್ತಾನೆಯೇ. ಆ ಪ್ರಶ್ನೆಗೆ ಸಂಬಂಧಿಸದ ಹೊಡೆತಗಳನ್ನು ತೆಗೆದುಹಾಕಿ. ಜ್ಯಾಬ್, ಹುಕ್, ಅಪ್ಪರ್‌ಕಟ್‌ನಂಥ ಪದಗಳನ್ನು ಹಾಗೆಯೇ ಬಳಸಿ, ಆದರೆ ಹುಡುಗ ಅವನ್ನು ಕಲಿಯುವ ದೃಶ್ಯದಲ್ಲೇ ಓದುಗನಿಗೂ ಕಲಿಸಿಬಿಡಿ, ಮುಂದೆ ಅರ್ಥ ಹೇಳುವ ಪ್ರಸಂಗ ಬರದಿರಲಿ. ಹುಡುಗನೇ ಕಥೆ ಹೇಳುವುದಾದರೆ ಅವನ ವಯಸ್ಸಿಗೆ ಮೀರಿದ ತಿಳಿವಳಿಕೆ ಅವನ ಮಾತಿನಲ್ಲಿ ನುಸುಳದಂತೆ ಕಾಯಬೇಕು. ದೊಡ್ಡವನಾದ ಮೇಲೆ ನೆನಪಿಸಿಕೊಂಡು ಹೇಳುವುದಾದರೆ ಅಂದಿನ ಅರಿಯದಿರುವಿಕೆಯನ್ನು ಇಂದಿನ ಬುದ್ಧಿ ಮುಚ್ಚಿಹಾಕದಂತೆ ಕಾಯಬೇಕು.

ಕರಡು ಮುಗಿದ ಮೇಲೆ ಇಬ್ಬರಿಗೆ ಓದಲು ಕೊಡಿ. ಒಬ್ಬರು ರಿಂಗಿನಲ್ಲಿ ನಿಂತವರಾಗಿರಲಿ. ಪಾದ, ಕೈ, ಗ್ಲೌಸ್, ನಿಯಮ, ಉಸಿರಿನ ವಿಷಯದಲ್ಲಿ ಅವರು ಹೇಳಿದ್ದನ್ನೆಲ್ಲ ತಿದ್ದಿ. ಇನ್ನೊಬ್ಬರು ಬಾಕ್ಸಿಂಗ್ ಎಂದರೆ ಮುಖ ತಿರುಗಿಸುವವರಾಗಿರಲಿ, ಮತ್ತು ಅವರಿಗೆ ಒಂದೇ ಪ್ರಶ್ನೆ ಕೇಳಿ: ಯಾವ ಪುಟದಲ್ಲಿ ಹುಡುಗನ ಬಗ್ಗೆ ಚಿಂತೆಯಾಯಿತು? ಅವರು ಕೊನೆಯ ಪಂದ್ಯದ ಪುಟವನ್ನು ಮಾತ್ರ ತೋರಿಸಿದರೆ ಮೊದಲ ಹೆಜ್ಜೆಯ ಆ ನಾಲ್ಕೈದು ಪುಟಗಳಿಗೆ ಹಿಂತಿರುಗಿ, ಅಲ್ಲಿಂದ ಮತ್ತೆ ಬರೆಯಲು ಆರಂಭಿಸಿ.